ತಿರುಗಿ ಕೊಡದ ಬನ್ನಿ

ಕಳೆದ ವರ್ಷ ದಸರೆಗೆ ತಂಗಿಯ ಮಗ ನಾಲ್ಕು ದಿನ ರಜೆ ಪಡೆದು ಹುಬ್ಬಳ್ಳಿಗೆ ಬಂದಿದ್ದ. ಅವನು ವಿಮಾನದಲ್ಲಿ ಫಸ್ಟ್ ಆಫೀಸರ್. ಕಾಕ್‌ಪಿಟ್ಟಿನ ಬಲಗಡೆಯ ಕುರ್ಚಿ ಅವನದು. ಇನ್ನೂ ಮೂವತ್ತು ತುಂಬಿಲ್ಲ. ಆಯುಧಪೂಜೆಯ ಸಂಜೆ ಹಿತ್ತಿಲ ಕಟ್ಟೆಯ ಮೇಲೆ ಕುಳಿತು ಗಿರ್ಮಿಟ್ ತಿನ್ನುತ್ತಿದ್ದವನು, ಮುಂದಿನ ತಿಂಗಳ ಡ್ಯೂಟಿ ಪಟ್ಟಿ ಬಂದಿದೆಯೆಂದು ಮೊಬೈಲ್ ಕೈಗೆತ್ತಿಕೊಂಡ. ಬೆರಳು ಸರಿಸುತ್ತ ಸರಿಸುತ್ತ ಒಂದು ಕಡೆ ನಿಂತುಬಿಟ್ಟ. ತಟ್ಟೆಯನ್ನು ಪಕ್ಕಕ್ಕೆ ಇಟ್ಟ. ದೀಪಾವಳಿಗೆ ರಜೆ ಸಿಗಲಿಲ್ಲವೇನೋ ಎಂದುಕೊಂಡು ಕೇಳಿದೆ. "ಅದಲ್ಲ ದೊಡ್ಡವ್ವ. ಎರಡು ದಿನ ಒಬ್ಬ ಕ್ಯಾಪ್ಟನ್ ಜೊತೆ ಹಾಕಿದ್ದಾರೆ. ಅವರು ಆಗ ಹಾರಿಸಿದವರು" ಎಂದ.

'ಆಗ' ಎಂದರೆ ಅವರ ಕಂಪನಿಯಲ್ಲಿ ಪೈಲಟ್‌ಗಳು ಮುಷ್ಕರ ಹೂಡಿದ್ದಾಗ. ಕಂಪನಿಯ ಹೆಸರು ಇಲ್ಲಿ ಬೇಡ. ಆ ಮುಷ್ಕರ ನಡೆದಾಗ ಇವನು ಇದೇ ಊರಿನಲ್ಲಿ ಏಳನೆಯ ತರಗತಿಯಲ್ಲಿದ್ದ, ನಾನೇ ಅವನಿಗೆ ಗಣಿತ ಹೇಳಿಕೊಡುತ್ತಿದ್ದೆ. ಆ ಮುಷ್ಕರದಿಂದ ಅವನಿಗೆ ಒಂದು ದಿನದ ಸಂಬಳವೂ ಹೋಗಿಲ್ಲ. ಆದರೂ ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲೇ ಹಿರಿಯರೊಬ್ಬರು ಅವನಿಗೆ ಆ ಐದಾರು ಹೆಸರುಗಳನ್ನು ಹೇಳಿಕೊಟ್ಟಿದ್ದರು. ಬೇರೆ ಊರಿನಲ್ಲಿ ರಾತ್ರಿ ತಂಗಿದಾಗ ಉಳಿದವರೆಲ್ಲ ಕೂಡಿ ಊಟಕ್ಕೆ ಹೋಗುತ್ತಾರೆ, ಆ ಕ್ಯಾಪ್ಟನ್‌ರನ್ನು ಯಾರೂ ಕರೆಯುವುದಿಲ್ಲ. ಅವರು ಕೋಣೆಗೇ ಊಟ ತರಿಸಿಕೊಳ್ಳುತ್ತಾರಂತೆ. "ನಿನಗೆ ಅವರೇನು ಮಾಡಿದ್ದಾರೆ?" ಎಂದು ಕೇಳಿದೆ. "ನನಗೇನೂ ಮಾಡಿಲ್ಲ. ಒಳ್ಳೆಯ ಪೈಲಟ್. ಗದರುವುದಿಲ್ಲ, ಕಲಿಸುತ್ತಾರೆ." "ಮತ್ತೆ?" ಸ್ವಲ್ಪ ಹೊತ್ತು ಸುಮ್ಮನಿದ್ದು, "ಮತ್ತೆ ಅಂದರೆ... ಹಾಗೇ, ದೊಡ್ಡವ್ವ" ಎಂದ.

ಆ 'ಹಾಗೇ' ನನ್ನನ್ನು ಬಿಡಲಿಲ್ಲ. ಅವನು ಹೊರಟುಹೋದ ಮೇಲೆ ವಿಮಾನ ಚಾಲಕರ ಮುಷ್ಕರಗಳ ಬಗ್ಗೆ ಕೈಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಮೂವತ್ತೈದು ವರ್ಷ ಪಾಠ ಮಾಡಿದವಳಿಗೆ ಅರ್ಥವಾಗದ್ದನ್ನು ಅರ್ಧಕ್ಕೆ ಬಿಡುವ ಅಭ್ಯಾಸವಿಲ್ಲ. ಆದರೆ ಓದುತ್ತ ಹೋದ ಹಾಗೆ ವಿಮಾನಗಳಿಗಿಂತ ಹೆಚ್ಚಾಗಿ ಗದಗ ರಸ್ತೆಯ ರೈಲ್ವೆ ಕಾಲನಿಯ ನಮ್ಮ ಮನೆಯೇ ಕಣ್ಣ ಮುಂದೆ ಬರತೊಡಗಿತು.

ಹತ್ತು ಸಾವಿರ ಅಡಿಯ ಮೇಲೆ

ಅಮೆರಿಕದ ಯುನೈಟೆಡ್ ಏರ್‌ಲೈನ್ಸ್‌ನ ಪೈಲಟ್‌ಗಳು 1985ರ ಮೇ 17ರಂದು ಮುಷ್ಕರ ಆರಂಭಿಸಿ 29 ದಿನ ನಡೆಸಿದರು. ಹೊಸದಾಗಿ ಸೇರುವ ಪೈಲಟ್‌ಗಳಿಗೆ ಹಳಬರಿಗಿಂತ ಕಡಿಮೆ ಸಂಬಳದ ಶ್ರೇಣಿ ತರುತ್ತೇವೆಂದು ಕಂಪನಿ ಹೊರಟಿದ್ದೇ ಮುಖ್ಯ ಕಾರಣ. ಅಂದರೆ ಇನ್ನೂ ಕೆಲಸಕ್ಕೆ ಬಂದಿರದವರ ಸಂಬಳಕ್ಕಾಗಿ, ಕೆಲಸದಲ್ಲಿದ್ದವರು ತಮ್ಮ ಸಂಬಳ ಬಿಟ್ಟು ಬೀದಿಯಲ್ಲಿ ನಿಂತರು. ಮುಷ್ಕರದ ದಿನ ಬಳಸಿಕೊಳ್ಳಲೆಂದು ಕಂಪನಿ ಐನೂರಕ್ಕೂ ಹೆಚ್ಚು ಹೊಸಬರಿಗೆ ತರಬೇತಿ ಕೊಟ್ಟು ಸಿದ್ಧವಾಗಿ ಇಟ್ಟುಕೊಂಡಿತ್ತು. ಅವರಲ್ಲಿ ಬಹುತೇಕರು ಆ ದಿನ ಮುಷ್ಕರ ಹೂಡಿದವರು ಸಾಲಾಗಿ ನಿಂತ ಗೆರೆ ದಾಟಿ ಒಳಗೆ ಕೆಲಸಕ್ಕೆ ಹೋಗಲಿಲ್ಲ. ಇನ್ನೂ ಒಂದು ಸಂಬಳವನ್ನೂ ಕಾಣದ ಹುಡುಗರು ಅವರು. ಇದನ್ನು ಓದಿದಾಗ ನನ್ನ ಕಣ್ಣು ತುಂಬಿತು.

ಮುಷ್ಕರ ಅಷ್ಟು ದಿನ ಎಳೆದದ್ದು ಏಕೆಂದು ನೋಡಿದರೆ ಸಂಬಳದ ಮಾತು ಬೇಗನೆ ಒಂದು ಹದಕ್ಕೆ ಬಂದಿತ್ತು. ಉಳಿದ ದಿನಗಳೆಲ್ಲ ಹೋದದ್ದು ಬೇರೆ ಪ್ರಶ್ನೆಗೆ: ಗೆರೆ ದಾಟದ ಆ ಹುಡುಗರಿಗೆ ಕೆಲಸ ಉಂಟೇ, ಗೆರೆ ದಾಟಿದವರು ಹಿರಿತನದ ಪಟ್ಟಿಯಲ್ಲಿ ಉಳಿದವರಿಗಿಂತ ಮೇಲೆ ಕೂರುತ್ತಾರೆಯೇ ಎಂಬುದಕ್ಕೆ. ಈ ಹಿರಿತನ ಎಂಬುದು ಏನೆಂದು ತಂಗಿಯ ಮಗನನ್ನೇ ಫೋನಿನಲ್ಲಿ ಕೇಳಿದೆ. ಪೈಲಟ್‌ನ ಬದುಕೆಲ್ಲ ಒಂದು ಸಂಖ್ಯೆಗೆ ಜೋತುಬಿದ್ದಿರುತ್ತದೆ ಎಂದ. ಯಾವ ವಿಮಾನ, ಎಡಗಡೆಯ ಕುರ್ಚಿ ಯಾವಾಗ, ಹಬ್ಬಕ್ಕೆ ರಜೆ ಯಾರಿಗೆ, ಎಲ್ಲದರಲ್ಲೂ ಆ ಸಂಖ್ಯೆಯೇ ಮುಂದೆ. ಅಮೆರಿಕದಲ್ಲಂತೂ ಕಂಪನಿ ಬಿಟ್ಟು ಬೇರೆಡೆ ಸೇರಿದರೆ ಇಪ್ಪತ್ತು ವರ್ಷ ಹಾರಿಸಿದವನೂ ಪಟ್ಟಿಯ ಬುಡದಿಂದ ಶುರು ಮಾಡಬೇಕು. ಹಾಗಾಗಿ ಸಿಟ್ಟಾದವನು ಎದ್ದು ಬೇರೆ ಕಡೆ ಹೋಗುವಂತಿಲ್ಲ. ತನ್ನ ಹೆಸರಿನ ಮೇಲೆ ಕುಳಿತವನ ಹೆಸರನ್ನು ನಿವೃತ್ತಿಯವರೆಗೆ ನೋಡುತ್ತಲೇ ಇರಬೇಕು. ಅದಕ್ಕೂ ಮೊದಲು, 1983ರ ಅಕ್ಟೋಬರ್‌ನಿಂದ 1985ರ ಅಕ್ಟೋಬರ್‌ವರೆಗೆ ಕಾಂಟಿನೆಂಟಲ್‌ ಕಂಪನಿಯಲ್ಲಿ ಎರಡು ವರ್ಷ ನಡೆದ ಮುಷ್ಕರದಲ್ಲಿ ಹಾರಿಸಿದವರ ಹೆಸರುಗಳ ಪಟ್ಟಿಯನ್ನು ಪೈಲಟ್‌ಗಳು ದಶಕಗಳ ಕಾಲ ತಮ್ಮ ಚೀಲದಲ್ಲಿ ಇಟ್ಟುಕೊಂಡು ತಿರುಗಿದರು. ಒಂದು ಕಂಪನಿಯ ಪೈಲಟ್ ಇನ್ನೊಂದು ಕಂಪನಿಯ ವಿಮಾನದ ಕಾಕ್‌ಪಿಟ್ಟಿನಲ್ಲಿರುವ ಹೆಚ್ಚುವರಿ ಕುರ್ಚಿಯಲ್ಲಿ ಕುಳಿತು ಊರಿಗೆ ಹೋಗುವುದು ಅಲ್ಲಿನ ಪದ್ಧತಿ; ಕ್ಯಾಪ್ಟನ್ ಒಪ್ಪಬೇಕು. ಪಟ್ಟಿಯಲ್ಲಿ ಹೆಸರಿದ್ದರೆ ಆ ಕುರ್ಚಿ ಸಿಗುತ್ತಿರಲಿಲ್ಲ. 2010ರಲ್ಲಿ ಯುನೈಟೆಡ್ ಮತ್ತು ಕಾಂಟಿನೆಂಟಲ್ ಒಂದಾದವು, ಎರಡು ಮನೆಯ ಹಗೆಗಳೂ ಒಂದೇ ಸೂರಿನ ಕೆಳಗೆ ಬಂದವು. ಅಲ್ಲಿ ಪೈಲಟ್‌ಗೆ ನಿವೃತ್ತಿ 65ಕ್ಕೆ. 1985ರಲ್ಲಿ 25 ವರ್ಷದವನಾಗಿ ಗೆರೆ ದಾಟಿದವನು 2025ರವರೆಗೂ ಹಾರಿಸುತ್ತಿರಬಹುದು ಎಂದು ಲೆಕ್ಕ ಹಾಕಿದೆ. ನಲವತ್ತು ವರ್ಷ.

ನಮ್ಮಲ್ಲಿ ಎಲ್ಲರೂ ಬಲ್ಲ ಉದಾಹರಣೆ ಏರ್ ಇಂಡಿಯಾದ್ದು. 2007ರಲ್ಲಿ ಏರ್ ಇಂಡಿಯಾ ಮತ್ತು ಇಂಡಿಯನ್ ಏರ್‌ಲೈನ್ಸ್ ಕೂಡಿದವು. 2011ರಲ್ಲಿ ಹಳೆಯ ಇಂಡಿಯನ್ ಏರ್‌ಲೈನ್ಸ್‌ನ ಪೈಲಟ್‌ಗಳು ಸಮಾನ ವೇತನ ಕೇಳಿ ಹತ್ತು ದಿನ ಮುಷ್ಕರ ಹೂಡಿದಾಗ ಏರ್ ಇಂಡಿಯಾ ಕಡೆಯವರು ಹಾರಿಸುತ್ತಿದ್ದರು. ಮರುವರ್ಷ ಮೇ ತಿಂಗಳಲ್ಲಿ, ಹೊಸ ಡ್ರೀಮ್‌ಲೈನರ್ ವಿಮಾನದ ತರಬೇತಿ ಇಂಡಿಯನ್ ಏರ್‌ಲೈನ್ಸ್ ಕಡೆಯವರಿಗೂ ಹಂಚಿಹೋಗುತ್ತದೆಂದು ಏರ್ ಇಂಡಿಯಾ ಕಡೆಯವರು 58 ದಿನ ಕೆಲಸ ಬಿಟ್ಟರು, ಆಗ ಇಂಡಿಯನ್ ಏರ್‌ಲೈನ್ಸ್‌ನವರು ಹಾರಿಸಿದರು. ಯಾರಿಗೆ ಯಾವ ಕುರ್ಚಿ ಎಂಬ ಜಗಳ ಮೊದಲಿನಿಂದಲೇ ಪೈಲಟ್ ಮತ್ತು ಪೈಲಟ್‌ನ ನಡುವೆ ಇತ್ತು.

ಸಿಟ್ಟಿಟ್ಟುಕೊಂಡವರು ಇಬ್ಬರು ಒಂದೇ ಕಾಕ್‌ಪಿಟ್ಟಿನಲ್ಲಿ ಕುಳಿತರೆ ಏನಾಗುತ್ತದೆ ಎಂದು ನನಗೆ ಭಯವಾಗಿತ್ತು. ಅವನು ನಕ್ಕ. ಹಾರಾಟಕ್ಕೆ ಬೇಕಾದ ಮಾತು ಒಂದೂ ತಪ್ಪುವುದಿಲ್ಲ ಎಂದ. ಚೆಕ್‌ಲಿಸ್ಟಿನಲ್ಲಿ ಒಬ್ಬ ಕೇಳುತ್ತಾನೆ, ಇನ್ನೊಬ್ಬ ಉತ್ತರಿಸುತ್ತಾನೆ, ಇಬ್ಬರಿಗೂ ಶಬ್ದಗಳು ಬರೆದಿಟ್ಟಿವೆ. ಹತ್ತು ಸಾವಿರ ಅಡಿಯ ಕೆಳಗೆ ಕೆಲಸದ ಮಾತು ಬಿಟ್ಟು ಬೇರೆ ಆಡಲೇಬಾರದು ಎಂಬುದು ನಿಯಮ. ಹತ್ತು ಸಾವಿರ ಅಡಿ ದಾಟಿದ ಮೇಲೆ ಉಳಿದವರು ಮಕ್ಕಳ ವಿಷಯ, ಮನೆ ಸಾಲದ ವಿಷಯ ಮಾತಾಡಿಕೊಳ್ಳುತ್ತಾರೆ. "ಅವರ ಜೊತೆ ಇರುವಾಗ ಮೇಲೆ ಹೋದರೂ ಕೆಳಗಿನ ನಿಯಮವೇ" ಎಂದ.

ನನಗೆ ಇದರಿಂದ ಪೂರ್ತಿ ಸಮಾಧಾನವಾಗಲಿಲ್ಲ. 1978ರ ಡಿಸೆಂಬರ್ 28ರಂದು ಇದೇ ಯುನೈಟೆಡ್‌ನ ಒಂದು ವಿಮಾನ ಪೋರ್ಟ್‌ಲ್ಯಾಂಡ್ ಊರಿನ ಮೇಲೆ ಇಂಧನ ಮುಗಿದು ಬಿತ್ತು, ಹತ್ತು ಜನ ಸತ್ತರು. ಕ್ಯಾಪ್ಟನ್‌ನ ಮನಸ್ಸೆಲ್ಲ ತೊಂದರೆ ಕೊಟ್ಟಿದ್ದ ಚಕ್ರಗಳ ಮೇಲಿತ್ತು. ಇಂಧನ ಕಡಿಮೆಯಾಗುತ್ತಿದೆಯೆಂದು ಜೊತೆಗಿದ್ದವರು ಹೇಳಿದರು, ಆದರೆ ಗಟ್ಟಿಯಾಗಿ ಹೇಳಲಿಲ್ಲ. ಅದಾದ ಮೇಲೆ 1981ರಲ್ಲಿ ಆ ಕಂಪನಿಯೇ ಮುಂದಾಗಿ, ಕಾಕ್‌ಪಿಟ್ಟಿನಲ್ಲಿ ಕಿರಿಯನು ಹಿರಿಯನಿಗೆ ಹೇಗೆ ಹೇಳಬೇಕು, ಹಿರಿಯನು ಹೇಗೆ ಕೇಳಬೇಕು ಎಂಬುದನ್ನು ಪೈಲಟ್‌ಗಳಿಗೆ ಕಲಿಸತೊಡಗಿತು. ಈಗ ಜಗತ್ತಿನ ಎಲ್ಲ ಕಡೆ ಆ ತರಬೇತಿ ಇದೆ. ಅದು ಶುರುವಾದ ನಾಲ್ಕು ವರ್ಷಕ್ಕೆ ಅದೇ ಕಂಪನಿಯ ಪೈಲಟ್‌ಗಳು ಒಬ್ಬರೊಡನೊಬ್ಬರು ಮಾತು ಬಿಟ್ಟರು. ಬೇಕಾದ ಮಾತು ಯಾವುದು, ಬೇಡವಾದ ಮಾತು ಯಾವುದು ಎಂದು ಅಷ್ಟು ಸಲೀಸಾಗಿ ಬೇರ್ಪಡಿಸಲು ಬರುತ್ತದೆಯೇ? ಮಗುವಿಗೆ ಜ್ವರವಿದೆ ಎಂದು ಹೇಳಿಕೊಳ್ಳಲಾಗದವನಿಗೆ ಇಂಧನ ಕಡಿಮೆಯಿದೆ ಎಂದು ಎರಡನೆಯ ಸಲ, ಮೂರನೆಯ ಸಲ ಹೇಳುವ ಬಾಯಿ ಬರುತ್ತದೆಯೇ?

ಭೋಂಗಾ

ನನ್ನ ಅಪ್ಪ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದರು. ಅದು 1885ರ ಕಾರ್ಖಾನೆ, ಸದರ್ನ್ ಮರಾಠಾ ಕಂಪನಿಯ ಕಾಲದ್ದು. ಅದರ ಭೋಂಗಾ ಕೂಗಿದಾಗಲೇ ನಮ್ಮ ಕಾಲನಿಗೆ ಬೆಳಗು. 1974ರ ಮೇ 8ರಂದು ದೇಶದ 17 ಲಕ್ಷ ರೈಲ್ವೆ ನೌಕರರು ಮುಷ್ಕರಕ್ಕೆ ಇಳಿದಾಗ ನನಗೆ ಎಂಟು ವರ್ಷ. ಮುಷ್ಕರದ ನಾಯಕ ಜಾರ್ಜ್ ಫರ್ನಾಂಡಿಸ್ ಅವರನ್ನು ಅದಕ್ಕೂ ಮೊದಲೇ, ಮೇ 2ರಂದೇ ಬಂಧಿಸಿಯಾಗಿತ್ತು. ಬೋನಸ್ ಕೊಡಿ, ಎಂಜಿನ್ ಓಡಿಸುವವರಿಗೆ ಎಂಟು ಗಂಟೆಯ ಕೆಲಸ ಕೊಡಿ ಎಂಬ ಬೇಡಿಕೆಗಳು ನಮ್ಮಂಥ ಮಕ್ಕಳ ಬಾಯಲ್ಲೂ ಇದ್ದವು. ಅಪ್ಪ ಬಂಧನ ತಪ್ಪಿಸಿಕೊಳ್ಳಲು ಅಣ್ಣಿಗೇರಿಯ ಸೋದರತ್ತೆಯ ಮನೆಗೆ ಹೋದರು. ಮನೆಯಲ್ಲಿ ಅವ್ವ, ಅಣ್ಣ, ನಾನು, ತಂಗಿ, ತೊಟ್ಟಿಲಲ್ಲಿ ತಮ್ಮ. ಭೋಂಗಾ ದಿನವೂ ಹೊತ್ತಿಗೆ ಸರಿಯಾಗಿ ಕೂಗುತ್ತಿತ್ತು. ಓಣಿಯಲ್ಲಿ ಸೈಕಲ್ಲುಗಳ ಸದ್ದು ಇರುತ್ತಿರಲಿಲ್ಲ. ಆ ಮೌನ ನನಗೆ ಈಗಲೂ ನೆನಪಿದೆ, ರಜೆಯ ಮೌನದಂತೆ ಅದು ಇರಲಿಲ್ಲ.

ನಮ್ಮದೂ ಪಕ್ಕದ ಮನೆಯವರದೂ ನಡುವಿನ ಗೋಡೆ ಒಂದೇ. ಆ ಮನೆಯ ಕಾಕಾ ಅಪ್ಪನಿಗಿಂತ ಹದಿನಾರು ವರ್ಷ ದೊಡ್ಡವರು. ಅಪ್ಪನಿಗೆ ಅರ ಹಿಡಿಯುವುದನ್ನು ಕಲಿಸಿದವರೇ ಅವರು. ಮುಷ್ಕರದ ಐದನೆಯದೋ ಆರನೆಯದೋ ದಿನ ಬೆಳಗ್ಗೆ ನಾನು ಹಿತ್ತಿಲಿಗೆ ಹೋದಾಗ ಕಾಕಾ ಹಿಂದಿನ ಬಾಗಿಲಿನಿಂದ ಹೊರಬಂದರು. ಸೈಕಲ್ ಇಲ್ಲ. ಊಟದ ಡಬ್ಬಿಯನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಿದ್ದರು. ನನ್ನನ್ನು ನೋಡಿ ನಿಂತರು. ದಿನವೂ ನನ್ನ ಜಡೆ ಎಳೆದು ಮಾತಾಡಿಸುತ್ತಿದ್ದವರು ಅಂದು ಮಾತಾಡಲಿಲ್ಲ. ಚರಂಡಿ ದಾಟಿ ಹಿಂದಿನ ಸಂದಿಯಲ್ಲಿ ಹೊರಟುಹೋದರು. ನಾನು ಒಳಗೆ ಓಡಿ ಬಂದು ಅವ್ವನಿಗೆ ಹೇಳಿದೆ. ರೊಟ್ಟಿ ಬಡಿಯುತ್ತಿದ್ದ ಅವ್ವನ ಕೈ ಒಂದು ಗಳಿಗೆ ನಿಂತು ಮತ್ತೆ ಬಡಿಯತೊಡಗಿತು. ಊರಿಗೆಲ್ಲ ಆ ಸುದ್ದಿ ಹಬ್ಬಿದ್ದು ನನ್ನಿಂದಲೋ ಬೇರೆಯವರಿಂದಲೋ ನನಗೆ ಇವತ್ತಿಗೂ ಖಚಿತವಿಲ್ಲ. ಅದು ನನ್ನ ಎದೆಯಲ್ಲಿ ಉಳಿದ ಮುಳ್ಳು.

ಕಾಕಾ ಯಾಕೆ ಹೋದರು ಎಂಬುದು ಯಾರಿಗೂ ಗುಟ್ಟಾಗಿರಲಿಲ್ಲ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಸೇವೆಯಲ್ಲಿ ಮುರಿತ ಬಿದ್ದರೆ ಪಿಂಚಣಿಗೆ ಕುತ್ತು. ಹಾವೇರಿಯ ಕಡೆ ಮಗಳ ಮದುವೆ ಗೊತ್ತಾಗಿತ್ತು. ಕಾರಣ ತಿಳಿದರೆ ಸಿಟ್ಟು ಇಳಿಯುತ್ತದೆ ಎಂದು ಜನ ಹೇಳುತ್ತಾರೆ. ನಮ್ಮ ಮನೆಯಲ್ಲಿ ಅದು ಹಾಗಾಗಲಿಲ್ಲ. ಕಾರಣ ತಿಳಿದದ್ದರಿಂದಲೇ ಅಪ್ಪನ ಸಿಟ್ಟು ಹೆಚ್ಚಾಯಿತು. "ನನ್ನ ಮನೆಯಲ್ಲಿ ತೊಟ್ಟಿಲು ಇರಲಿಲ್ಲವೇ?" ಎಂದು ಒಂದೇ ಒಂದು ಸಲ ಅವರು ಹೇಳಿದ್ದನ್ನು ಕೇಳಿದ್ದೇನೆ. ಕಾರಣ ಎಲ್ಲರ ಮನೆಯಲ್ಲೂ ಇತ್ತು. ಕಾರಣಗಳಿದ್ದೂ ಹೋಗದಿದ್ದವರು ಅದನ್ನು ಒಪ್ಪುವುದು ಹೇಗೆ? ಅಪ್ಪನ ಸಿಟ್ಟು ನ್ಯಾಯವಾದದ್ದೆಂದು ನಾನು ಆಗ ನಂಬಿದ್ದೆ, ಈಗಲೂ ನಂಬುತ್ತೇನೆ.

ಮೇ 27ರಂದು ಮುಷ್ಕರ ನಿಂತಿತು. ಬೇಡಿಕೆಗಳಲ್ಲಿ ಒಂದೂ ಕೈಗೂಡಲಿಲ್ಲ. ಮುಷ್ಕರದ ದಿನಗಳಲ್ಲಿ ಕೆಲಸಕ್ಕೆ ಹೋದವರನ್ನು ದೇಶದಾದ್ಯಂತ 'ಲಾಯಲ್' ನೌಕರರು ಎಂದು ಗುರುತಿಸಿ ಹೆಚ್ಚುವರಿ ಇನ್‌ಕ್ರಿಮೆಂಟು, ನಗದು, ಮಕ್ಕಳಲ್ಲಿ ಒಬ್ಬರಿಗೆ ಕೆಲಸ ಕೊಟ್ಟರು. ಇಂಗ್ಲಿಷಿನಲ್ಲಿ ಮುಷ್ಕರ ಮುರಿದವನನ್ನು ಬೈಯಲು ಬಳಸುವ ಶಬ್ದಕ್ಕೆ ಗಾಯದ ಮೇಲಿನ ಹಕ್ಕಳೆ ಎಂಬ ಅರ್ಥವಿದೆ. ನಮ್ಮ ಕಾಲನಿಗೆ ಅಂಥ ಶಬ್ದದ ಅಗತ್ಯ ಬೀಳಲಿಲ್ಲ. ನಿಷ್ಠೆ ಎಂಬ ಅರ್ಥದ 'ಲಾಯಲ್' ಶಬ್ದವೇ ನಮ್ಮಲ್ಲಿ ಬೈಗುಳವಾಯಿತು. ಕಾಕಾನ ಮಗನಿಗೆ ಆಗ ಹದಿನೇಳು, ಹದಿನೆಂಟು ತುಂಬಿದ ಮೇಲೆ ವರ್ಕ್‌ಶಾಪಿನಲ್ಲಿ ಖಲಾಸಿಯಾಗಿ ಸೇರಿದ. ಅದೇ ಕೆಲಸದ ಆಸೆಯಲ್ಲಿದ್ದ ನಮ್ಮ ಅಣ್ಣ ಗದಗಿನ ಜಿನ್ನಿಂಗ್ ಕಾರ್ಖಾನೆಯೊಂದಕ್ಕೆ ಲೆಕ್ಕ ಬರೆಯಲು ಹೋದ. 1977ರಲ್ಲಿ ಸರಕಾರ ಬದಲಾಗಿ ಮಧು ದಂಡವತೆ ರೈಲ್ವೆ ಮಂತ್ರಿಯಾದ ಮೇಲೆ ಮುಷ್ಕರದಲ್ಲಿ ಕೆಲಸ ಕಳೆದುಕೊಂಡವರು ಮರಳಿ ಬಂದರು. 1979ರಲ್ಲಿ ಬೋನಸ್ಸೂ ಬಂತು. ಅಪ್ಪನಿಗೂ ಬಂತು, ಕಾಕಾನ ಮಗನಿಗೂ ಬಂತು. ಆ ರಾತ್ರಿ ಅಪ್ಪ ಊಟ ಮಾಡದೆ ಮಲಗಿದ್ದು ನೆನಪಿದೆ. ಐದು ವರ್ಷ ಕಾದ ಹಣ ಕೈಯಲ್ಲಿತ್ತು.

ಬನ್ನಿ, ಹೆಪ್ಪು, ಜೋಳ

ಅಪ್ಪ ಕಾಕಾನೊಡನೆ ಜಗಳವಾಡಲಿಲ್ಲ. ಕೆಟ್ಟ ಮಾತು ಆಡಲಿಲ್ಲ. ವರ್ಕ್‌ಶಾಪಿನಲ್ಲಿ ಪಾನಾ ಬೇಕಾದರೆ ಪಾನಾ ಕೇಳುತ್ತಿದ್ದರು, ಕೊಡುತ್ತಿದ್ದರು. ಅಷ್ಟೇ.

ಮುಷ್ಕರದ ಆ ವರ್ಷ ವಿಜಯದಶಮಿಯ ಸಂಜೆ ಕಾಕಾ ನಮ್ಮ ಮನೆಗೆ ಬನ್ನಿ ತಂದರು. ಬಿಳಿ ಧೋತರ, ಟೊಪ್ಪಿಗೆ. ಹೊಸ್ತಿಲ ಹೊರಗೇ ನಿಂತು ಎಲೆ ಚಾಚಿ, "ಬನ್ನಿ ತೆಗೆದುಕೊಂಡು ಬಂಗಾರದ ಹಾಗೆ ಇರೋಣ" ಎಂದರು. ಅಪ್ಪ ಎದ್ದು ಬಂದು ಬಲಗೈಯಲ್ಲಿ ಎಲೆ ತೆಗೆದುಕೊಂಡರು. ಬಾಗಿಲ ಪಕ್ಕದ ಗೂಡಿನಲ್ಲಿ ಇಟ್ಟರು. ತಿರುಗಿ ಕೊಡಲಿಲ್ಲ, ಮಾತೂ ಆಡಲಿಲ್ಲ. ಬನ್ನಿ ತೆಗೆದುಕೊಳ್ಳದೆ ಇರುವುದು ನಮ್ಮಲ್ಲಿ ಮಹಾ ಅಪಚಾರ, ಅದನ್ನು ಅಪ್ಪ ಮಾಡಲಾರರು. ತಿರುಗಿ ಕೊಡುವುದು ಮನಸ್ಸಿನಿಂದ ಬರಬೇಕು, ಅದೂ ಅವರಿಂದಾಗಲಿಲ್ಲ. ಅವ್ವ ಚಹಾ ತಂದಳು. ಕಾಕಾ ನಿಂತೇ ಕುಡಿದು ಹೋದರು. ನಿವೃತ್ತಿಯಾಗಿ ಕೇಶ್ವಾಪುರಕ್ಕೆ ಮನೆ ಬದಲಿಸಿದ ಮೇಲೂ ಪ್ರತಿ ದಸರೆಗೆ ನಡೆದು ಬರುತ್ತಿದ್ದರು. ಸಾಯುವ ವರ್ಷದವರೆಗೆ, ಹದಿನಾಲ್ಕು ಸಲ. ಪ್ರತಿ ಸಲವೂ ಅದೇ ಮಾತು, ಅದೇ ಗೂಡು.

ಬನ್ನಿ ಕೊಡಲು ಕಿರಿಯರು ಹಿರಿಯರ ಮನೆಗೆ ಹೋಗಬೇಕು, ಕೊಟ್ಟು ಕಾಲು ಮುಟ್ಟಬೇಕು. ಇಲ್ಲಿ ಹದಿನಾರು ವರ್ಷ ದೊಡ್ಡವರು, ಕೆಲಸ ಕಲಿಸಿದವರು, ತಾವಾಗಿ ಕಿರಿಯನ ಹೊಸ್ತಿಲಿಗೆ ಬರುತ್ತಿದ್ದರು. ಬಾಯಲ್ಲಿ ಹೇಳಲಾಗದ್ದನ್ನು ಅವರು ಕಾಲಿನಲ್ಲಿ ನಡೆದು ಹೇಳುತ್ತಿದ್ದರು ಎಂಬುದು ನನಗೆ ಹೊಳೆದದ್ದು ಮೂವತ್ತು ದಾಟಿದ ಮೇಲೆ. ಅಷ್ಟರಲ್ಲಿ ಅವರಿರಲಿಲ್ಲ. ಅಪ್ಪನಿಗೆ ಅದು ಹೊಳೆದಿತ್ತೇ? ಹೊಳೆದಿರಲೇಬೇಕು. ಹೊಳೆದೂ ಕೊಡಲಿಲ್ಲ.

ಹೆಂಗಸರ ವ್ಯವಹಾರ ಬೇರೆ ಇತ್ತು. ಹಿತ್ತಿಲ ಗೋಡೆಯ ಮೇಲಿಂದ ಹೆಪ್ಪು ಹೋಗುತ್ತಿತ್ತು, ಕೊತ್ತಂಬರಿ ಬರುತ್ತಿತ್ತು, ಅದು ಒಂದು ದಿನವೂ ನಿಲ್ಲಲಿಲ್ಲ. ಅಪ್ಪ ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ ಅವ್ವ ಇನ್ನೊಂದು ಸಂಗತಿ ಹೇಳಿದಳು. ಮುಷ್ಕರದ ದಿನಗಳಲ್ಲಿ ಮನೆಯಲ್ಲಿ ಜೋಳ ಮುಗಿದಿತ್ತಂತೆ. ಕತ್ತಲಾದ ಮೇಲೆ ಕಾಕಾನ ಹೆಂಡತಿ ಕಾಕು ಸೆರಗಿನ ಮರೆಯಲ್ಲಿ ಎರಡು ಸೇರು ಜೋಳ ತಂದು ಹಿತ್ತಿಲ ಬಾಗಿಲಲ್ಲಿ ಇಟ್ಟು ಹೋದಳಂತೆ. "ನೀನು ತೆಗೆದುಕೊಂಡೆಯಾ?" ಎಂದೆ. "ನೀವು ನಾಲ್ವರಿದ್ದಿರಿ" ಎಂದಳು ಅವ್ವ. ಅಪ್ಪನ ಸಂಬಳ ಬಂದ ದಿನ ಅದೇ ಸೇರಿನಲ್ಲಿ ಕೊಪ್ಪರಿಸಿ ಅಳೆದು ತಿರುಗಿ ಕೊಟ್ಟಳು. ಅಪ್ಪನಿಗೆ ಗೊತ್ತಿತ್ತೇ ಎಂದು ಕೇಳಿದೆ. "ಅವರು ಕೇಳಲಿಲ್ಲ, ನಾನು ಹೇಳಲಿಲ್ಲ." ಗೆರೆ ದಾಟಿ ಗಳಿಸಿದ ಜೋಳವನ್ನು ನಾವು ಉಂಡಿದ್ದೇವೆ. ಇದನ್ನು ತಿಳಿದ ಮೇಲೆ ನನ್ನ ಸಿಟ್ಟು ಕರಗಬೇಕಾಗಿತ್ತು. ಬದಲಿಗೆ ಅದಕ್ಕೆ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಕಾಕಾನನ್ನು ಬಿಟ್ಟು ಅವರ ಮಗನ ಮೇಲೆ ಹೋಗಿ ಕುಳಿತಿತು.

ಇದು ಬರಿಯ ಹಳೆಯ ಕಾಲದ ಮಾತಲ್ಲ. 2021ರ ಏಪ್ರಿಲ್ 7ರಿಂದ ಎರಡು ವಾರ ನಮ್ಮ ಸಾರಿಗೆ ನೌಕರರು ಆರನೆಯ ವೇತನ ಆಯೋಗದ ಶ್ರೇಣಿ ಕೇಳಿ ಮುಷ್ಕರ ಹೂಡಿದ್ದು ಎಲ್ಲರ ನೆನಪಿನಲ್ಲಿದೆ. ಜಮಖಂಡಿಯ ಬಳಿ ಬಸ್ಸು ಓಡಿಸುತ್ತಿದ್ದ ಚಾಲಕರೊಬ್ಬರು ಕಲ್ಲೇಟಿಗೆ ಪ್ರಾಣ ಬಿಟ್ಟರು. ಮುಷ್ಕರ ಮುಗಿದ ಕೆಲವು ತಿಂಗಳ ಮೇಲೆ ನಾನು ಗದಗಿಗೆ ಹೋಗುವ ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿದ್ದೆ. ಕಂಡಕ್ಟರ್ 'ರೈಟ್' ಎನ್ನುತ್ತಿದ್ದರು, 'ಹೋಲ್ಡಾನ್' ಎನ್ನುತ್ತಿದ್ದರು, ಚಾಲಕರು ಹೊರಡಿಸುತ್ತಿದ್ದರು, ನಿಲ್ಲಿಸುತ್ತಿದ್ದರು. ಅಣ್ಣಿಗೇರಿಯಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಒಬ್ಬರು ಈ ಅಂಗಡಿಯಲ್ಲಿ ಚಹಾ ಕುಡಿದರು, ಇನ್ನೊಬ್ಬರು ಆ ಅಂಗಡಿಯಲ್ಲಿ. ಅವರ ನಡುವೆ ಏನಾಗಿತ್ತೋ ನಾನು ಕೇಳಲಿಲ್ಲ. ಆ ಎರಡು ಶಬ್ದಗಳನ್ನು ಕೇಳುತ್ತ ನನಗೆ ಅಪ್ಪ ಕೇಳುತ್ತಿದ್ದ ಪಾನಾ ನೆನಪಾಯಿತು.

ಮಗ

ಮುಷ್ಕರ ಮುಗಿದಾಗ ಒಪ್ಪಂದವಾಗುವುದು ನೌಕರರಿಗೂ ಮಾಲೀಕರಿಗೂ ನಡುವೆ. ಯಾರ ಮೇಲೂ ಸೇಡು ತೀರಿಸಿಕೊಳ್ಳುವುದಿಲ್ಲ ಎಂದು ಮಾಲೀಕರಿಂದ ಬರೆಸಿಕೊಳ್ಳುತ್ತಾರೆ. ಪಕ್ಕದ ಕುರ್ಚಿಯವನಿಗೂ ತನಗೂ ನಡುವೆ ಯಾರೂ ಏನನ್ನೂ ಬರೆಸಿಕೊಡುವುದಿಲ್ಲ. ಲಾಯಲ್‌ಗಳ ಮಕ್ಕಳಿಗೆ ಕೆಲಸ ಎಂದು ದೂರದ ಕಚೇರಿಯಲ್ಲಿ ಕುಳಿತು ನಿರ್ಧರಿಸಿದವರು ಆಮೇಲೆ ವರ್ಗವಾಗಿ, ನಿವೃತ್ತರಾಗಿ ಮರೆಯಾದರು. ಅವರ ಮುಖವನ್ನು ಅಪ್ಪ ಒಮ್ಮೆಯೂ ನೋಡಲಿಲ್ಲ. ನೋಡದ ಮುಖದ ಮೇಲೆ ಎಷ್ಟು ದಿನ ಸಿಟ್ಟಾಗಿರಲು ಸಾಧ್ಯ? ದಿನವೂ ಎದುರಾಗುತ್ತಿದ್ದದ್ದು ಖಲಾಸಿಯಾಗಿ ಬಂದ ಹುಡುಗನ ಮುಖ.

ಆತನನ್ನು ವರ್ಕ್‌ಶಾಪಿನಲ್ಲಿ ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. 'ಲಾಯಲ್' ಎಂದೇ ಕರೆಯುತ್ತಿದ್ದರು. ಮೊದಮೊದಲು ಚುಚ್ಚಲು, ಬರಬರುತ್ತ ಅಭ್ಯಾಸದಿಂದ. ಅವನ ಜೊತೆ ಸೇರಿದ ಎಷ್ಟೋ ಹುಡುಗರಿಗೆ ಆ ಹೆಸರು ಏಕೆ ಬಂತೆಂಬುದೇ ಗೊತ್ತಿರಲಿಲ್ಲವಂತೆ. ತನಗೆ ಹದಿನೇಳು ವರ್ಷವಿದ್ದಾಗ ತಂದೆ ತೆಗೆದುಕೊಂಡ ನಿರ್ಧಾರವನ್ನು ಆತ ನಲವತ್ತೆರಡು ವರ್ಷ ಹೆಸರಾಗಿ ಹೊತ್ತ. 2017ರಲ್ಲಿ ನಿವೃತ್ತನಾದಾಗ ಬೀಳ್ಕೊಡುಗೆಗೆ ನಮ್ಮ ಮನೆಗೂ ಕರೆ ಬಂತು. ತಾನೇ ಬಂದು ಕರೆದ. ನಾನು ಹೋಗಲಿಲ್ಲ. ಆ ದಿನ ನನಗೆ ಬೇರೆ ಯಾವ ಕೆಲಸವೂ ಇರಲಿಲ್ಲ. ಯಾಕೆ ಹೋಗಲಿಲ್ಲ ಎಂದು ಯಾರಾದರೂ ಕೇಳಿದ್ದರೆ ನಾನು 'ಹಾಗೇ' ಎನ್ನುತ್ತಿದ್ದೆ.

ಕೆಲವೊಮ್ಮೆ ಬೆಳಗ್ಗೆ ಉಣಕಲ್ ಕೆರೆಯ ದಂಡೆಯ ಮೇಲೆ ಆತ ಎದುರಾಗುತ್ತಾನೆ. ಮೊಣಕಾಲು ನೋವಿದೆಯೆಂದು ತೋರುತ್ತದೆ, ನಿಧಾನವಾಗಿ ನಡೆಯುತ್ತಾನೆ. ತಲೆ ಬಾಗಿಸುತ್ತಾನೆ, ನಾನೂ ಬಾಗಿಸುತ್ತೇನೆ. ಅಣ್ಣನಿಗೆ ಆ ಕೆಲಸ ಸಿಕ್ಕಿದ್ದರೆ ನಮ್ಮ ಬದುಕು ಹೇಗಿರುತ್ತಿತ್ತೆಂದು ನಾನು ಲೆಕ್ಕ ಹಾಕಿದ್ದು ಉಂಟು. ಅಣ್ಣ ಎಂದೂ ಹಾಕಲಿಲ್ಲ. ಗದಗಿನಲ್ಲಿ ಮನೆ ಕಟ್ಟಿ, ಮಕ್ಕಳನ್ನು ಓದಿಸಿ ನೆಮ್ಮದಿಯಾಗಿದ್ದಾನೆ. ಕಳೆದುಕೊಂಡವನು ಬಿಟ್ಟದ್ದನ್ನು ಹಿಡಿದುಕೊಂಡಿರುವವಳು ನಾನು. ಇದನ್ನು ಹಿಡಿದುಕೊಂಡರೆ ಅಪ್ಪನ ಇಪ್ಪತ್ತು ದಿನಗಳಿಗೆ ಬೆಲೆ ಇರುತ್ತದೆ, ಬಿಟ್ಟರೆ ಅವು ವ್ಯರ್ಥವಾಗುತ್ತವೆ ಎಂಬ ಭಾವನೆ ನನ್ನಲ್ಲಿ ಎಲ್ಲೋ ಆಳದಲ್ಲಿದೆ. ತಂಗಿಯ ಮಗನಿಗೂ ಇದೇ ಇರಬಹುದು. ಹಿರಿಯರು ಅವನನ್ನು ಊಟಕ್ಕೆ ಕರೆದದ್ದೇ ಆ ಐದಾರು ಹೆಸರುಗಳನ್ನು ಹೇಳಿ. ಹೆಸರುಗಳನ್ನು ಬಿಟ್ಟರೆ ಆ ಮೇಜಿನಲ್ಲಿ ತನ್ನ ಜಾಗ ಉಳಿಯುತ್ತದೆಯೋ ಇಲ್ಲವೋ ಎಂಬ ಅಳುಕು.

ಅವನು ರಜೆಗೆ ಬಂದಿದ್ದಾಗ, ವಿಜಯದಶಮಿಯ ರಾತ್ರಿ, ಈ ಕಥೆಯನ್ನೆಲ್ಲ ಅವನಿಗೆ ಹೇಳಿದ್ದೆ. ಜೋಳದ ಸಂಗತಿ ಕೇಳಿ ಬಹಳ ಹೊತ್ತು ಸುಮ್ಮನಿದ್ದ. ದೀಪಾವಳಿ ಕಳೆದ ಮೇಲೆ ಒಂದು ರಾತ್ರಿ ಅವನ ಫೋನು ಬಂತು. ಆ ಕ್ಯಾಪ್ಟನ್ ಜೊತೆಗಿನ ಎರಡು ದಿನ ಮುಗಿದಿತ್ತು. ಎರಡನೆಯ ದಿನ, ಮೇಲೆ ಹೋದ ಮೇಲೆ, ಅವರು ಇವನನ್ನು ಯಾವ ಊರು ಎಂದು ಕೇಳಿದರಂತೆ. ಹುಬ್ಬಳ್ಳಿ ಎಂದನಂತೆ. ಹುಬ್ಬಳ್ಳಿಯ ರನ್‌ವೇಗೆ ತಾವು ಒಮ್ಮೆ ಮಳೆಗಾಲದಲ್ಲಿ ಇಳಿಸಿದ್ದನ್ನು ಹೇಳತೊಡಗಿದರಂತೆ.

"ಆಮೇಲೆ?"

"ಕೇಳಿಸಿಕೊಂಡೆ, ದೊಡ್ಡವ್ವ. ಅಷ್ಟರಲ್ಲಿ ಇಳಿಯುವ ಹೊತ್ತಾಯಿತು, ಚೆಕ್‌ಲಿಸ್ಟ್ ತೆಗೆದೆ."

ಊಟಕ್ಕೆ ಕೂಡಿ ಹೋದಿರಾ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ. ಅವನೂ ಹೇಳಲಿಲ್ಲ. ಫೋನು ಇಡುವ ಮೊದಲು, "ನೀವು ಕೇಶ್ವಾಪುರಕ್ಕೆ ಹೋಗಿ ಬಂದಿರಾ?" ಎಂದು ಕೇಳಿದ. ಆ ವಿಜಯದಶಮಿಯ ಸಂಜೆ ಎಲ್ಲರಿಗೂ ಕೊಟ್ಟು ಉಳಿದಿದ್ದ ಒಂದು ಹಿಡಿ ಬನ್ನಿಯನ್ನು ನಾನು ಬೇರೆ ತೆಗೆದಿಟ್ಟಿದ್ದನ್ನು ಅವನು ನೋಡಿದ್ದ. ಇಲ್ಲ ಎಂದೆ.

ಎಲೆಗಳು ಬಾಗಿಲ ಪಕ್ಕದ ಕಪಾಟಿನ ಮೇಲೆ ಇವೆ, ಒಣಗಿ ಸುರುಟಿಕೊಂಡಿವೆ. ಆತ ನನಗಿಂತ ಒಂಬತ್ತು ವರ್ಷ ದೊಡ್ಡವನು. ಹೋಗಬೇಕಾದವಳು ನಾನು.